ಅಂಬರಗುಬ್ಬಿಯ ಹಾದಿ ಕಾದ ಗಿಲ್ಬರ್ಟ್ ವೈಟ್



ಏಣೆಲು ಕೊಯ್ಲು ಮುಗಿದು ಗದ್ದೆಗಳು ಬರಿದಾಗುವ ಹೊತ್ತಿಗೆ ನಮ್ಮ ಶಾಲೆಯ ಎದುರಿನ ವಿದ್ಯುತ್ ತಂತಿಯ ಮೇಲೆ ಸಾಲಾಗಿ ಬಂದು ಕೂರುವ ಪುಟ್ಟ ಹಕ್ಕಿಗಳನ್ನು ನೀವೆಲ್ಲರೂ ಕಂಡಿದ್ದೀರಿ. ಬೆನ್ನು ಮಿರುಗುವ ಕಡುನೀಲಿ, ಗಂಟಲು ಕೆಂಗಂದು, ಬಾಲ ಕತ್ತರಿಯಂತೆ ಎರಡು ಕವಲು. ಇವೇ ಅಂಬರಗುಬ್ಬಿಗಳು. ಚಳಿಗಾಲವನ್ನೆಲ್ಲ ನಮ್ಮ ಬಯಲುಗಳ ಮೇಲೆ ಹಾರಾಡಿ ಕಳೆದು, ಬೇಸಿಗೆ ಬಲಿಯುವಾಗ ಒಂದು ದಿನ ಅವು ಕಾಣೆಯಾಗುತ್ತವೆ. ಎಲ್ಲಿಗೆ ಹೋದವು? ಎಲ್ಲಿಂದ ಬಂದಿದ್ದವು? ಇಂದು ಇದಕ್ಕೆ ಪುಸ್ತಕದಲ್ಲಿ ಉತ್ತರವಿದೆ. ಆದರೆ ಇನ್ನೂರೈವತ್ತು ವರ್ಷಗಳ ಹಿಂದೆ ಪಂಡಿತರಿಗೂ ಇದು ಬಿಡಿಸಲಾಗದ ಒಗಟಾಗಿತ್ತು. ಆ ಒಗಟಿನ ಬೆನ್ನು ಹತ್ತಿ ತನ್ನ ಆಯುಷ್ಯದ ಬಹುಭಾಗವನ್ನು ಒಂದೇ ಹಳ್ಳಿಯಲ್ಲಿ ಕಳೆದ ಒಬ್ಬ ಪಾದ್ರಿಯ ಕಥೆಯನ್ನು ಇಲ್ಲಿ ಹೇಳುತ್ತೇನೆ. ಆತನ ಹೆಸರು ಗಿಲ್ಬರ್ಟ್ ವೈಟ್.

ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ಹ್ಯಾಂಪ್‌ಶೈರ್ ಎಂಬ ಪ್ರಾಂತವಿದೆ. ಅಲ್ಲಿ ಲಂಡನ್ ನಗರದಿಂದ ಸುಮಾರು 50 ಮೈಲಿ ದೂರದಲ್ಲಿ ಸೆಲ್ಬೋರ್ನ್ ಎಂಬ ಹಳ್ಳಿ. ಹಳ್ಳಿಯ ಬೆನ್ನಿಗೆ ಒಂದು ಕಡಿದಾದ ಗುಡ್ಡ. ಗುಡ್ಡದ ತುಂಬ ಬೀಚ್ ಎಂಬ ಜಾತಿಯ ಎತ್ತರದ ಮರಗಳು. ಆ ಗುಡ್ಡವನ್ನು ಜನ ಹ್ಯಾಂಗರ್ ಎಂದು ಕರೆಯುತ್ತಾರೆ. 1720ನೆಯ ಇಸವಿ ಜುಲೈ 18ರಂದು ಈ ಹಳ್ಳಿಯ ಪಾದ್ರಿಯ ಮನೆಯಲ್ಲಿ ಗಿಲ್ಬರ್ಟ್ ಜನಿಸಿದನು. ಆಗ ಹಳ್ಳಿಯ ಪಾದ್ರಿಯಾಗಿದ್ದವನು ಅವನ ಅಜ್ಜ. ಅಜ್ಜನ ಹೆಸರೇ ಮೊಮ್ಮಗನಿಗೆ ಬಂತು. ಮುಂದೆ ಕುಟುಂಬವು ಇಗರ್ಜಿಯ ಸಮೀಪದಲ್ಲಿದ್ದ ವೇಕ್ಸ್ ಎಂಬ ಮನೆಯಲ್ಲಿ ನೆಲೆಸಿತು.

ಗಿಲ್ಬರ್ಟ್ ಆಕ್ಸ್‌ಫರ್ಡಿನ ಓರಿಯಲ್ ಕಾಲೇಜಿನಲ್ಲಿ ಓದಿ 1743ರಲ್ಲಿ ಪದವಿ ಪಡೆದನು. ಮರುವರ್ಷ ಅದೇ ಕಾಲೇಜಿನ ಫೆಲೋ ಆಗಿ ಆಯ್ಕೆಯಾದನು. 1749ರಲ್ಲಿ ಪಾದ್ರಿ ದೀಕ್ಷೆಯೂ ಆಯಿತು. ಓದಿದವನು, ಒಳ್ಳೆಯ ಮನೆತನದವನು. ಮನಸ್ಸು ಮಾಡಿದ್ದರೆ ಬೇರೆ ಕಡೆ ಹೆಚ್ಚು ವರಮಾನದ ಸ್ಥಾನಗಳು ದೊರಕುತ್ತಿದ್ದವು. ಆದರೆ ಸೆಲ್ಬೋರ್ನನ್ನು ಬಿಟ್ಟಿರಲು ಅವನಿಗೆ ಮನಸ್ಸು ಬರಲಿಲ್ಲ. ಆ ಹಳ್ಳಿಯ ಮುಖ್ಯ ಪಾದ್ರಿಯನ್ನು ನೇಮಿಸುವ ಹಕ್ಕು ಬೇರೊಂದು ಕಾಲೇಜಿನದಾಗಿತ್ತು. ಆದ್ದರಿಂದ ತನ್ನ ಹುಟ್ಟೂರಿನಲ್ಲಿ ಆತ ಎಂದೂ ಮುಖ್ಯ ಪಾದ್ರಿಯಾಗಲಿಲ್ಲ. ಸಹಾಯಕ ಪಾದ್ರಿಯಾಗಿಯೇ ಉಳಿದನು. ಅನೇಕ ವರ್ಷ ನೆರೆಯೂರಾದ ಫ್ಯಾರಿಂಗ್‌ಡನ್ನಿನಲ್ಲಿ ಕೆಲಸ ಮಾಡಿದನು. ಮದುವೆಯಾಗಲಿಲ್ಲ. ಗಾಡಿಯಲ್ಲಿ ಕುಳಿತು ಪ್ರಯಾಣ ಮಾಡಿದರೆ ಅವನಿಗೆ ಹೊಟ್ಟೆ ತೊಳಸುತ್ತಿತ್ತು. ಆದುದರಿಂದ ದೂರದ ಊರುಗಳಿಗೆ ಹೋಗುವುದು ಅವನಿಗೆ ಇಷ್ಟವಿರಲಿಲ್ಲ. ಕುದುರೆಯೇರಿ ಹೋಗಬಹುದಾದಷ್ಟು ದೂರ, ಇಲ್ಲವೇ ಕಾಲ್ನಡಿಗೆಯ ದೂರ, ಇದೇ ಅವನ ಪ್ರಪಂಚವಾಗಿತ್ತು.

ಇಷ್ಟು ಚಿಕ್ಕ ಪ್ರಪಂಚದಲ್ಲಿ ನೋಡುವುದಕ್ಕೆ ಏನಿದ್ದೀತು ಎಂದು ನಿಮಗೆ ಅನಿಸಬಹುದು. 1783ರಲ್ಲಿ ಎಣಿಸಿದಾಗ ಆ ಹಳ್ಳಿಯ ಒಟ್ಟು ಜನಸಂಖ್ಯೆ ಕೇವಲ 676. ಆದರೆ ವೈಟನಿಗೆ ಆ ಹಳ್ಳಿಯ ಹಕ್ಕಿಗಳೂ ಹಳ್ಳಿಗರೇ ಆಗಿದ್ದವು. ಕತ್ತಿಯಂತಹ ರೆಕ್ಕೆಯ ಬಾನಾಡಿಗಳು ಪ್ರತಿ ಬೇಸಿಗೆಯಲ್ಲಿ ಊರಿಗೆ ಬಂದು ಗೂಡು ಕಟ್ಟುತ್ತಿದ್ದವು. ಆತ ವರ್ಷವರ್ಷವೂ ಅವನ್ನು ಎಣಿಸಿದನು. ಸಾಮಾನ್ಯವಾಗಿ ಎಂಟೇ ಜೋಡಿ. ಅವು ಪ್ರತಿವರ್ಷ ಮರಿಮಾಡಿದರೂ ಮರುವರ್ಷ ಬರುವ ಜೋಡಿಗಳ ಸಂಖ್ಯೆ ಹೆಚ್ಚುವುದಿಲ್ಲ, ಹಾಗಾದರೆ ಉಳಿದವು ಎಲ್ಲಿ ಹೋಗುತ್ತವೆ ಎಂದು ಆತ ಯೋಚಿಸಿದನು. ಎಣಿಸದೆ ಇದ್ದವನಿಗೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಅವನ ಬರವಣಿಗೆ ಆರಂಭವಾದುದು ತೋಟದಿಂದ. 1751ರಲ್ಲಿ ತನ್ನ ಹಿತ್ತಿಲಿನ ತರಕಾರಿ, ಕರಬೂಜ, ಹೂಗಿಡಗಳ ವಿಷಯವಾಗಿ ಒಂದು ದಿನಚರಿಯನ್ನು ಬರೆಯತೊಡಗಿದನು. ಯಾವ ದಿನ ಬೀಜ ಬಿತ್ತಿದ್ದು, ಯಾವ ದಿನ ಮೊಳಕೆ ಬಂದದ್ದು, ಯಾವ ರಾತ್ರಿ ಹಿಮ ಬಿದ್ದು ಗಿಡ ಸತ್ತದ್ದು, ಎಲ್ಲವನ್ನೂ ಗುರುತು ಹಾಕಿಕೊಂಡನು. 1768ರಿಂದ ಈ ಅಭ್ಯಾಸಕ್ಕೆ ಒಂದು ಕ್ರಮ ಒದಗಿತು. ಡೇನ್ಸ್ ಬ್ಯಾರಿಂಗ್ಟನ್ ಎಂಬ ನ್ಯಾಯಾಧೀಶನು ಪ್ರಕೃತಿ ವೀಕ್ಷಕರಿಗಾಗಿ ಗೆರೆ ಎಳೆದ ಅಚ್ಚಿನ ಪುಸ್ತಕವೊಂದನ್ನು ಸಿದ್ಧಪಡಿಸಿದ್ದನು. ಅದರಲ್ಲಿ ದಿನಾಂಕ, ಉಷ್ಣತೆ, ಗಾಳಿಯ ದಿಕ್ಕು, ಮಳೆ, ಅರಳಿದ ಹೂಗಳು, ಮೊದಲು ಕಂಡ ಹಕ್ಕಿಗಳು ಎಂದು ಬೇರೆ ಬೇರೆ ಅಂಕಣಗಳಿದ್ದವು. ವೈಟ್ ಆ ಅಂಕಣಗಳನ್ನು ತುಂಬಿಸುತ್ತ ಹೋದನು. ಒಂದೆರಡು ವರ್ಷವಲ್ಲ, ತಾನು ಸಾಯುವ ವರ್ಷದವರೆಗೆ, ಅಂದರೆ 25 ವರ್ಷಗಳ ಕಾಲ!

ನಮ್ಮಲ್ಲಿ ಬೇಸಿಗೆ ಆರಂಭವಾಗುವ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಇಂಗ್ಲೆಂಡಿನಲ್ಲಿ ವಸಂತ. ಉದ್ದನೆಯ ಚಳಿಗಾಲ ಕಳೆದು ಬರಿಗೊಂಬೆಗಳು ಚಿಗುರುವಾಗ ದೂರದಿಂದ ಹಕ್ಕಿಗಳು ಒಂದೊಂದಾಗಿ ಬರತೊಡಗುತ್ತವೆ. ಮೊದಲ ಹಕ್ಕಿ ಕಂಡ ದಿನ ವೈಟನಿಗೆ ಹಬ್ಬದ ದಿನ. ಹೀಗೆ ಬರುವ ಇಪ್ಪತ್ತು ಬಗೆಯ ಹಕ್ಕಿಗಳ ಪಟ್ಟಿಯನ್ನು, ಅವು ಕಾಣಿಸಿಕೊಳ್ಳುವ ಸಾಮಾನ್ಯ ದಿನಾಂಕಗಳೊಡನೆ, ಆತ 1769ರಲ್ಲಿ ಬ್ಯಾರಿಂಗ್ಟನ್ನನಿಗೆ ಕಳುಹಿಸಿಕೊಟ್ಟನು. ಅದರ ಪ್ರಕಾರ ಅಂಬರಗುಬ್ಬಿ ಬರುವುದು ಸುಮಾರು ಏಪ್ರಿಲ್ 13ಕ್ಕೆ. ಕುಕ್ಕೂ ಹಕ್ಕಿ ಏಪ್ರಿಲ್ ನಡುವಿಗೆ. ಬಾನಾಡಿ ಏಪ್ರಿಲ್ 27ರ ಸುಮಾರಿಗೆ. ನಮ್ಮ ಹಿರಿಯರು ಹತ್ತನಾವಧಿಗೆ ಮಳೆ ಬರುವುದೋ ಇಲ್ಲವೋ ಎಂದು ನೋಡಿದಂತೆ, ಆತ ಈ ದಿನಗಳನ್ನು ಕಾಯುತ್ತಿದ್ದನು.

ಹಳ್ಳಿಯಲ್ಲಿ ಈ ವಿಷಯಗಳನ್ನು ಮಾತಾಡಲು ಅವನಿಗೆ ಹೆಚ್ಚು ಜೊತೆಗಾರರಿರಲಿಲ್ಲ. ಆ ಕೊರತೆಯನ್ನು ತುಂಬಿದುದು ಅಂಚೆ. 1767ರಿಂದ ವೇಲ್ಸ್ ಪ್ರಾಂತದ ಥಾಮಸ್ ಪೆನ್ನೆಂಟ್ ಎಂಬ ಪ್ರಾಣಿಶಾಸ್ತ್ರಜ್ಞನಿಗೂ 1769ರಿಂದ ಬ್ಯಾರಿಂಗ್ಟನ್ನನಿಗೂ ಆತ ಕಾಗದ ಬರೆಯತೊಡಗಿದನು. ತಾನು ಕಂಡದ್ದನ್ನು ತಿಳಿಸುವನು, ಅವರ ಅನುಮಾನಗಳಿಗೆ ಉತ್ತರಿಸುವನು, ಒಪ್ಪದಿದ್ದರೆ ವಿನಯದಿಂದ ವಾದಿಸುವನು. ಹಳ್ಳಿಯ ನೆರೆಹೊರೆಯವರನ್ನೂ ಆತ ಈ ಕೆಲಸದಲ್ಲಿ ಸೇರಿಸಿಕೊಂಡನು. ಸಂಗೀತ ಬಲ್ಲ ಒಬ್ಬ ಸ್ನೇಹಿತನು ಶ್ರುತಿಪೆಟ್ಟಿಗೆಯಂತಹ ಸಣ್ಣ ಕೊಳವೆಯನ್ನು ಊದಿ, ತನ್ನ ಕಡೆಯ ಗೂಬೆಗಳು ಬಹುತೇಕ ಒಂದೇ ಶ್ರುತಿಯಲ್ಲಿ ಕೂಗುತ್ತವೆ ಎಂದು ವರದಿ ಮಾಡಿದನು. ಸೆಲ್ಬೋರ್ನಿನ ಇನ್ನೊಬ್ಬನು ಕಿವಿಗೊಟ್ಟು ಕೇಳಿ, ಇಲ್ಲಿಯ ಗೂಬೆಗಳು ಮೂರು ಬೇರೆ ಬೇರೆ ಶ್ರುತಿಗಳಲ್ಲಿ ಕೂಗುತ್ತವೆ ಎಂದನು. ವೈಟ್ ಎರಡನ್ನೂ ಬರೆದಿಟ್ಟನು.

ಇಂತಹ ಕಿವಿಯಿಂದಲೇ ಅವನ ಒಂದು ದೊಡ್ಡ ಶೋಧವಾಯಿತು. ಎಲೆಗಳ ನಡುವೆ ಹುಳ ಹೆಕ್ಕುತ್ತ ತಿರುಗುವ, ಹಸುರು ಹಳದಿ ಬಣ್ಣದ ಪುಟ್ಟ ಉಲಿಯಕ್ಕಿಗಳನ್ನು ನೋಡಿದರೆ ಎಲ್ಲವೂ ಒಂದೇ ಎನಿಸುತ್ತದೆ. ಇದೇ ಬಳಗದ ಹಕ್ಕಿಗಳು ಚಳಿಗಾಲದಲ್ಲಿ ನಮ್ಮ ತೋಟಗಳಿಗೂ ಬರುತ್ತವೆ. ವೈಟ್ ಅವುಗಳ ಹಾಡನ್ನು ಗಮನಿಸಿದನು. ಒಂದು ಎರಡೇ ಸ್ವರಗಳನ್ನು ಮತ್ತೆ ಮತ್ತೆ ನುಡಿಯುತ್ತದೆ. ಇನ್ನೊಂದರ ಹಾಡು ಮೇಲಿನಿಂದ ಇಂಪಾಗಿ ಇಳಿದುಬರುತ್ತದೆ. ಮೂರನೆಯದು ಎತ್ತರದ ಬೀಚ್ ಮರದ ತುದಿಯಲ್ಲಿ ರೆಕ್ಕೆಗಳನ್ನು ಅದುರಿಸುತ್ತ ಕಂಪಿಸುವ ದನಿ ತೆಗೆಯುತ್ತದೆ. ಹಕ್ಕಿಗಳನ್ನು ಕೈಯಲ್ಲಿ ಹಿಡಿದು ಹೋಲಿಸಿ ನೋಡಿದಾಗ ಗಾತ್ರದಲ್ಲಿಯೂ ಬಣ್ಣದಲ್ಲಿಯೂ ಭೇದವಿತ್ತು. ಇವು ಮೂರು ಬೇರೆ ಬೇರೆ ಜಾತಿಗಳೆಂದು 1768ರ ಆಗಸ್ಟಿನಲ್ಲಿ ಪೆನ್ನೆಂಟನಿಗೆ ಖಚಿತವಾಗಿ ತಿಳಿಸಿದನು. ಆ ಕಾಲದಲ್ಲಿ ದುರ್ಬೀನು ಹಿಡಿದು ಹಕ್ಕಿ ನೋಡುವ ಪದ್ಧತಿ ಇರಲಿಲ್ಲ. ಹತ್ತಿರದಿಂದ ನೋಡಲು ಹಕ್ಕಿಯನ್ನು ಗುಂಡಿಕ್ಕಿ ಕೊಲ್ಲುವುದೇ ವಾಡಿಕೆಯಾಗಿತ್ತು. ವೈಟನೂ ಇದಕ್ಕೆ ಹೊರತಾಗಿರಲಿಲ್ಲ ಎಂಬುದನ್ನು ನಾವು ಮುಚ್ಚಿಡಬೇಕಾಗಿಲ್ಲ.

ಈಗ ಅಂಬರಗುಬ್ಬಿಯ ಒಗಟಿಗೆ ಬರೋಣ. ಚಳಿಗಾಲದಲ್ಲಿ ಈ ಹಕ್ಕಿಗಳು ಎಲ್ಲಿರುತ್ತವೆ? ಅವು ಪೊಟರೆಗಳಲ್ಲಿ ಅಡಗಿ ನಿದ್ರಿಸುತ್ತವೆ ಎಂಬ ನಂಬಿಕೆ ಗ್ರೀಸಿನ ಅರಿಸ್ಟಾಟಲನಷ್ಟು ಹಳೆಯದು. ಹದಿನಾರನೆಯ ಶತಮಾನದ ಸ್ವೀಡನ್ನಿನ ಗ್ರಂಥಕಾರನೊಬ್ಬನು, ಬೆಸ್ತರ ಬಲೆಗೆ ಕೆರೆಯ ಅಡಿಯಿಂದ ಅಂಬರಗುಬ್ಬಿಗಳ ಮುದ್ದೆಗಳೇ ಬರುತ್ತವೆ ಎಂದು ಬರೆದಿದ್ದನು. ಬ್ಯಾರಿಂಗ್ಟನ್ನನಂತೂ ಇಷ್ಟು ಚಿಕ್ಕ ಹಕ್ಕಿಗಳು ಸಮುದ್ರ ದಾಟುತ್ತವೆ ಎಂಬುದನ್ನು ಒಪ್ಪಲು ತಯಾರಿರಲಿಲ್ಲ. ಆ ವಾದವನ್ನು 1772ರಲ್ಲಿ ಪ್ರಬಂಧವಾಗಿ ಪ್ರಕಟಿಸಿದನು.

ವೈಟನ ಮನಸ್ಸು ಎರಡು ಕಡೆಗೆ ಎಳೆಯುತ್ತಿತ್ತು. ಅವನ ತಮ್ಮ ಜಾನ್ ಜಿಬ್ರಾಲ್ಟರಿನಲ್ಲಿ ಪಾದ್ರಿಯಾಗಿದ್ದನು. ಅಲ್ಲಿ ಯೂರೋಪಿಗೂ ಆಫ್ರಿಕಕ್ಕೂ ನಡುವೆ ಇರುವ ಕಿರಿದಾದ ಜಲಸಂಧಿಯನ್ನು ಹಕ್ಕಿಗಳು ವಸಂತದಲ್ಲಿ ಉತ್ತರಕ್ಕೂ ಶರತ್ಕಾಲದಲ್ಲಿ ದಕ್ಷಿಣಕ್ಕೂ ದಾಟುವುದನ್ನು ತಮ್ಮ ಕಂಡಿದ್ದನು. ವೈಟನೇ ಒಂದು ವರ್ಷ ಸಪ್ಟೆಂಬರ್ 29ರ ಬೆಳಿಗ್ಗೆ ಕರಾವಳಿಯ ಕಡೆಗೆ ಪ್ರಯಾಣ ಮಾಡುತ್ತಿದ್ದಾಗ, ಮಂಜು ಮುಸುಕಿದ ಬಯಲಿನ ಕುರುಚಲು ಗಿಡಗಳ ಮೇಲೆ ಅಂಬರಗುಬ್ಬಿಗಳು ಗುಂಪುಗುಂಪಾಗಿ ಕುಳಿತಿದ್ದುದನ್ನೂ, ಬಿಸಿಲೇರಿದೊಡನೆ ಅವೆಲ್ಲ ಒಟ್ಟಿಗೆ ಎದ್ದು ಸಮುದ್ರದ ದಿಕ್ಕಿಗೆ ಹಾರಿಹೋದುದನ್ನೂ ನೋಡಿದನು. ಆದರೆ ಇದಕ್ಕೆ ವಿರುದ್ಧವಾದ ಸಂಗತಿಗಳೂ ಅವನ ದಿನಚರಿಯಲ್ಲಿದ್ದವು. ವಾರಗಟ್ಟಲೆ ಕಾಣದಿದ್ದ ಹಕ್ಕಿಗಳು ನವೆಂಬರಿನ ಒಂದು ಬೆಚ್ಚನೆಯ ದಿನ ಮತ್ತೆ ಕಾಣಿಸಿಕೊಂಡಿದ್ದವು. ಏಪ್ರಿಲಿನಲ್ಲಿ ಬಂದವು ಮತ್ತೆ ಚಳಿ ಬಿದ್ದರೆ ಮಾಯವಾಗುತ್ತಿದ್ದವು. ಕೆಲವಾದರೂ ಇಲ್ಲಿಯೇ ಎಲ್ಲೋ ಮಲಗಿರಬಹುದೇ?

ಅವನ ಕಣ್ಣೆದುರಿಗೇ ಹಾಗೆ ಮಲಗುವ ಪ್ರಾಣಿಯೊಂದಿತ್ತು. ಅವನ ಅತ್ತೆಯೊಬ್ಬಳು ರಿಂಗ್ಮರ್ ಎಂಬ ಊರಿನಲ್ಲಿ ಒಂದು ಆಮೆಯನ್ನು ಸಾಕಿದ್ದಳು. 1780ರಲ್ಲಿ ಆಕೆ ತೀರಿಕೊಂಡಾಗ ಆತ ಆ ಆಮೆಯನ್ನು ಮಣ್ಣಿನಿಂದ ಅಗೆದು ತೆಗೆದು, ಪೆಟ್ಟಿಗೆಯಲ್ಲಿಟ್ಟು ಸೆಲ್ಬೋರ್ನಿಗೆ ತಂದನು. ಅದರ ಹೆಸರು ತಿಮೋತಿ. ಪ್ರತಿವರ್ಷ ಚಳಿ ಆರಂಭವಾದಾಗ ಅದು ತೋಟದ ಮಣ್ಣಿನೊಳಗೆ ಹೂತುಕೊಂಡು ವಸಂತದಲ್ಲಿ ಎದ್ದು ಬರುತ್ತಿತ್ತು. ವೈಟ್ ಅದನ್ನು ತೂಗಿ ನೋಡಿದನು. ಅದಕ್ಕೆ ಕಿವಿ ಕೇಳಿಸುವುದೋ ಎಂದು ದನಿ ದೊಡ್ಡದು ಮಾಡುವ ಕಹಳೆಯಲ್ಲಿ ಕೂಗಿಯೂ ನೋಡಿದನು, ಆಮೆ ಲಕ್ಷಿಸಲಿಲ್ಲ. ಆತ ಕೊನೆಯವರೆಗೂ ಗಂಡೆಂದೇ ತಿಳಿದಿದ್ದ ತಿಮೋತಿ ಹೆಣ್ಣಾಮೆ ಎಂದು ಮುಂದೆ ತಿಳಿದುಬಂತು.

1781ರ ಏಪ್ರಿಲಿನಲ್ಲಿ ಆತ ಒಗಟನ್ನು ಪರೀಕ್ಷಿಸಿಯೇ ನೋಡುವುದೆಂದು ನಿರ್ಧರಿಸಿದನು. ಸೂರಿನ ಕೆಳಗೆ ಮಣ್ಣಿನ ಗೂಡು ಕಟ್ಟುವ ಅಂಬರಗುಬ್ಬಿಗಳು ಹ್ಯಾಂಗರ್ ಗುಡ್ಡದ ಪೊದೆಗಳಲ್ಲಿ ಅಡಗಿರಬಹುದೆಂಬ ಗುಮಾನಿ ಅವನಿಗಿತ್ತು. ಇಬ್ಬರು ಕೂಲಿಯಾಳುಗಳನ್ನು ಗುಡ್ಡಕ್ಕೆ ಕಳುಹಿಸಿ ಪೊದೆ ಪೊಟರೆಗಳನ್ನೆಲ್ಲ ಹುಡುಕಿಸಿದನು. ಒಂದು ಹಕ್ಕಿಯೂ ಸಿಗಲಿಲ್ಲ. ಆದರೆ ಏಪ್ರಿಲ್ 11ರಂದು, ಆ ಇಬ್ಬರೂ ಗುಡ್ಡದಲ್ಲಿ ಹುಡುಕುತ್ತಿರುವಾಗಲೇ, ಹಳ್ಳಿಯ ಬೀದಿಯಲ್ಲಿ ಒಂದು ಹಕ್ಕಿ ಹಾರಿಬಂದು ಒಂದು ಮನೆಯ ಸೂರಿನ ಹಳೆಯ ಗೂಡನ್ನು ಹೊಕ್ಕಿತು! ಅದು ಆ ಹಕ್ಕಿ ಬರುವ ಕಾಲಕ್ಕಿಂತ ಸ್ವಲ್ಪ ಮುಂಚೆ. ಅದು ದೂರದೇಶದಿಂದ ಆಗತಾನೆ ಬಂದುದೇ? ಅಥವಾ ಗುಡ್ಡದಲ್ಲಿ ಮಲಗಿದ್ದು, ಆಳುಗಳ ಗದ್ದಲಕ್ಕೆ ಎದ್ದು ಬಂದುದೇ?

ಇಲ್ಲಿ ಸ್ವಲ್ಪ ನಿಂತು ಯೋಚಿಸಿರಿ. ತನ್ನ ಊಹೆ ನಿಜವಾಯಿತು ಎಂದು ಬರೆಯಲು ಇದಕ್ಕಿಂತ ಒಳ್ಳೆಯ ಅವಕಾಶ ಅವನಿಗೆ ಬೇರೆ ಸಿಗುತ್ತಿರಲಿಲ್ಲ. ಬ್ಯಾರಿಂಗ್ಟನ್ ಸಂತೋಷಪಡುತ್ತಿದ್ದನು. ಹಳ್ಳಿಯಲ್ಲಿ ಅಲ್ಲಗಳೆಯುವವರು ಯಾರೂ ಇರಲಿಲ್ಲ. ಆದರೆ ವೈಟ್ ಹಕ್ಕಿ ಬಂದುದನ್ನು ಬರೆದನು, ಹುಡುಕಿದರೂ ಸಿಗದಿದ್ದುದನ್ನೂ ಬರೆದನು, ಉಳಿದುದನ್ನು ಪ್ರಶ್ನೆಯಾಗಿಯೇ ಬಿಟ್ಟನು. ಕಂಡದ್ದು ಬೇರೆ, ಊಹಿಸಿದ್ದು ಬೇರೆ. ಇವೆರಡನ್ನು ಆತ ಬೆರೆಸಲಿಲ್ಲ.

ಅವನ ನೋಟ ಹಕ್ಕಿಗಳಿಗಷ್ಟೇ ಸೀಮಿತವಾಗಿರಲಿಲ್ಲ. ರೈತರು ಬೆಳೆಗೆ ಹಾನಿಯೆಂದು ದ್ವೇಷಿಸುತ್ತಿದ್ದ ಎರೆಹುಳುಗಳು ಮಣ್ಣನ್ನು ಸಡಿಲಿಸಿ ಫಲವತ್ತಾಗಿಸುತ್ತವೆ ಎಂದು 1777ರಲ್ಲಿಯೇ ಬರೆದನು. ಈ ವಿಷಯದ ಮೇಲೆ ಚಾರ್ಲ್ಸ್ ಡಾರ್ವಿನ್ನನ ಪುಸ್ತಕ ಬಂದುದು 1881ರಲ್ಲಿ, ಎಂದರೆ ನೂರಕ್ಕೂ ಹೆಚ್ಚು ವರ್ಷಗಳ ಅನಂತರ. 1783ರ ಬೇಸಿಗೆಯಲ್ಲಿ ವಿಚಿತ್ರವಾದ ಮಬ್ಬು ಕವಿದು, ನಡುಹಗಲಿನ ಸೂರ್ಯನೇ ಮಂಕಾದ ಚಂದ್ರನಂತೆ ಕಂಡಾಗ ಜನ ಹೆದರಿದರು. ವೈಟ್ ದಿನಾಂಕ ಸಹಿತ ಅದನ್ನು ದಾಖಲಿಸಿದನು. ಅದು ಐಸ್‌ಲೆಂಡಿನ ಜ್ವಾಲಾಮುಖಿಯಿಂದ ಬಂದ ಮಬ್ಬೆಂದು ಇಂದು ನಮಗೆ ತಿಳಿದಿದೆ.

ಕಾಗದಗಳನ್ನು ಪುಸ್ತಕವಾಗಿ ಮಾಡಬೇಕೆಂದು ಸ್ನೇಹಿತರು ಒತ್ತಾಯಿಸುತ್ತಿದ್ದರೂ ಆತ ವರ್ಷಗಟ್ಟಲೆ ಹಿಂಜರಿದನು. ಕೊನೆಗೆ ಲಂಡನ್ನಿನಲ್ಲಿ ಪ್ರಕಾಶಕನಾಗಿದ್ದ ತಮ್ಮ ಬೆಂಜಮಿನ್ ಅದನ್ನು ಹೊರತಂದನು. ಸೆಲ್ಬೋರ್ನಿನ ಪ್ರಕೃತಿ ಚರಿತ್ರೆ ಮತ್ತು ಪ್ರಾಚೀನತೆಯನ್ನು ಕುರಿತ ಆ ಗ್ರಂಥದಲ್ಲಿ 1789 ಎಂದು ಇಸವಿ ಅಚ್ಚಾಗಿದೆ. ಪೆನ್ನೆಂಟನಿಗೆ 44, ಬ್ಯಾರಿಂಗ್ಟನ್ನನಿಗೆ 66, ಹೀಗೆ 110 ಪತ್ರಗಳು ಅದರಲ್ಲಿವೆ. ಆಗ ಲೇಖಕನಿಗೆ ಅರುವತ್ತೆಂಟು ವರ್ಷ. ಅವನು ಬರೆದು ಪ್ರಕಟಿಸಿದ ಪುಸ್ತಕ ಅದೊಂದೇ. ಅಂದಿನಿಂದ ಇಂದಿನವರೆಗೂ ಅದು ಮತ್ತೆ ಮತ್ತೆ ಅಚ್ಚಾಗುತ್ತಲೇ ಇದೆ. ಬಾಲಕ ಡಾರ್ವಿನ್ನನಿಗೆ ಹಕ್ಕಿಗಳನ್ನು ನೋಡುವ ಹುಚ್ಚು ಹಿಡಿಸಿದುದೂ ಇದೇ ಪುಸ್ತಕ.

1793ರ ಜೂನ್ ತಿಂಗಳ ನಡುವಿನವರೆಗೂ ಆತ ದಿನಚರಿ ಬರೆದನು. ಅದೇ ಜೂನ್ 26ರಂದು ಹುಟ್ಟೂರಿನಲ್ಲಿಯೇ ಕಣ್ಣುಮುಚ್ಚಿದನು. ತನ್ನ ಶವವನ್ನು ದೊಡ್ಡ ಸಂಸಾರ ಸಾಕಿದ ಆರು ಮಂದಿ ಕೂಲಿಕಾರರು ಹೊರಬೇಕೆಂದು ಮರಣಶಾಸನದಲ್ಲಿ ಬರೆದಿದ್ದನು. ಇಗರ್ಜಿಯ ಅಂಗಳದಲ್ಲಿರುವ ಸಮಾಧಿಯ ಕಲ್ಲಿನ ಮೇಲೆ ಅವನ ಪೂರ್ಣ ಹೆಸರೂ ಇಲ್ಲ. ಎರಡು ಮೊದಲಕ್ಷರಗಳು ಮತ್ತು ತೀರಿಕೊಂಡ ದಿನಾಂಕ ಮಾತ್ರ.

ಒಗಟು ಅವನ ಜೀವಿತಕಾಲದಲ್ಲಿ ಬಿಡಿಸಲ್ಪಡಲಿಲ್ಲ. 1911ರ ಮೇ ತಿಂಗಳಿನಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಪ್ರಾಂತದಲ್ಲಿ ಒಬ್ಬ ವಕೀಲನು ಒಂದು ಅಂಬರಗುಬ್ಬಿಯ ಕಾಲಿಗೆ ಗುರುತಿನ ಉಂಗುರ ತೊಡಿಸಿ ಬಿಟ್ಟನು. 1912ರ ಡಿಸೆಂಬರಿನಲ್ಲಿ ಅದೇ ಉಂಗುರದ ಹಕ್ಕಿ ದಕ್ಷಿಣ ಆಫ್ರಿಕದ ನಟಾಲಿನ ಒಂದು ಹೊಲದ ಮನೆಯಲ್ಲಿ ಸಿಕ್ಕಿತು. ಹಕ್ಕಿಗಳು ನಿದ್ರಿಸುತ್ತಿರಲಿಲ್ಲ, ಸಾವಿರಾರು ಮೈಲಿ ಹಾರುತ್ತಿದ್ದವು. ನಮ್ಮ ತಂತಿಯ ಮೇಲಿನ ಅಂಬರಗುಬ್ಬಿಗಳಾದರೋ ಹಿಮಾಲಯದಿಂದ ಮತ್ತು ಅದರಾಚೆಯ ಉತ್ತರದ ನಾಡುಗಳಿಂದ ಬರುವಂಥವು. ವೈಟನ ಗುಮಾನಿ ತಪ್ಪಾಗಿತ್ತು. ಆದರೆ ಅವನ ದಿನಚರಿ ತಪ್ಪಾಗಲಿಲ್ಲ. ಆ ದಿನಾಂಕಗಳು ಇಂದಿಗೂ ಉಪಯೋಗಕ್ಕೆ ಬರುತ್ತಿವೆ.

ಇದನ್ನು ಬರೆಯುವಾಗ ನನ್ನದೇ ಒಂದು ತಪ್ಪು ನೆನಪಾಗುತ್ತಿದೆ. ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯ ಮಕ್ಕಳಿಗೆ, ಅಂಬರಗುಬ್ಬಿ ಮೊದಲು ಕಂಡ ದಿನವನ್ನು ಬರೆದು ತರಲು ಹೇಳಿದ್ದೆ. ಬಹಳ ಮಂದಿ ಒಂದೇ ತಾರೀಕನ್ನು ಬರೆದು ತಂದರು. ಒಬ್ಬರದನ್ನು ಒಬ್ಬರು ನೋಡಿ ಬರೆದುದು ಸ್ಪಷ್ಟವಾಗಿತ್ತು. ಒಬ್ಬ ಹುಡುಗ ಮಾತ್ರ, ಜ್ವರ ಬಂದು ಮಲಗಿದ್ದೆ, ಎದ್ದು ಬಂದಾಗ ಹಕ್ಕಿಗಳಿದ್ದವು, ಮೊದಲು ಬಂದುದು ಯಾವಾಗಲೋ ಗೊತ್ತಿಲ್ಲ ಎಂದು ಬರೆದಿದ್ದನು. ನಾನು ಉಳಿದವರಿಗೆಲ್ಲ ಅಂಕ ಕೊಟ್ಟು ಅವನಿಗೆ ಸೊನ್ನೆ ಹಾಕಿದೆ. ಆ ತರಗತಿಯಲ್ಲಿ ವೈಟನ ದಾರಿಯಲ್ಲಿ ನಡೆದವನು ಅವನೊಬ್ಬನೇ ಎಂಬುದು ನನಗೆ ಆಗ ಹೊಳೆಯಲಿಲ್ಲ.

ನಮ್ಮ ಕೇರಳ ರಾಜ್ಯದಲ್ಲಿ 2015ರಿಂದ 2020ರವರೆಗೆ ನೂರಾರು ಮಂದಿ ಹವ್ಯಾಸಿಗಳು ಊರೂರು ತಿರುಗಿ ಹಕ್ಕಿಗಳನ್ನು ಎಣಿಸಿ ಇಡೀ ರಾಜ್ಯದ ಪಕ್ಷಿಭೂಪಟವನ್ನು ಸಿದ್ಧಪಡಿಸಿದರು. ಅವರಲ್ಲಿ ಸಂಬಳಕ್ಕಾಗಿ ಮಾಡಿದವರಲ್ಲ, ಮನಸ್ಸಿಗಾಗಿ ಮಾಡಿದವರೇ ಹೆಚ್ಚು. ಅಂತಹ ಕೆಲಸಕ್ಕೆ ಒಂದು ನೋಟುಪುಸ್ತಕ, ಒಂದು ಪೆನ್ಸಿಲು, ಸ್ವಲ್ಪ ತಾಳ್ಮೆ ಸಾಕು. ಪೋಷಕರಲ್ಲಿಯೂ ಒಂದು ವಿನಂತಿ: ಮಗು ಅಂಗಳದಲ್ಲಿ ನಿಂತು ತಂತಿಯ ಕಡೆಗೆ ನೋಡುತ್ತಿದ್ದರೆ, ಹೊತ್ತು ಹಾಳು ಮಾಡುತ್ತಿದೆ ಎಂದು ಗದರಿಸಬೇಡಿ. ನೀವೂ ಬಂದು ಪಕ್ಕದಲ್ಲಿ ನಿಲ್ಲಿರಿ.

ಮಕ್ಕಳೇ, ಮುಂದಿನ ಕೊಯ್ಲಿನ ಹೊತ್ತಿಗೆ ಮೊದಲ ಅಂಬರಗುಬ್ಬಿ ಬಂದ ದಿನವನ್ನು ಬರೆದಿಡಿ. ಕಂಡರೆ ಕಂಡೆ ಎನ್ನಿ. ಕಾಣದಿದ್ದರೆ ಕಾಣಲಿಲ್ಲ ಎನ್ನಿ. ಈ ಸಲ ಎರಡಕ್ಕೂ ಪೂರ್ಣ ಅಂಕ ಕೊಡುತ್ತೇನೆ.